ಲಾರಿ ಬರುವ ಮೊದಲೇ ಮಾತು ಮುಗಿಸಿಕೋ

ಮಗಳೇ,

ಹನುಮಂತನಗರದ ಮನೆ ಬಿಟ್ಟು ಕೂಡ್ಲು ಗೇಟ್ ಕಡೆ ಅಪಾರ್ಟ್‌ಮೆಂಟಿಗೆ ಹೋಗುತ್ತೇವೆ ಅಂತ ಫೋನಿನಲ್ಲಿ ಹೇಳಿದೆಯಲ್ಲ, ಸಂತೋಷ. ಅಳಿಯಂದಿರಿಗೆ ಎಲೆಕ್ಟ್ರಾನಿಕ್ ಸಿಟಿಯ ಆಫೀಸು ಹತ್ತಿರವಾಗುತ್ತದೆ. 2025ರ ಆಗಸ್ಟ್‌ನಿಂದ ಹಳದಿ ಮಾರ್ಗದ ಮೆಟ್ರೊ ಓಡುತ್ತಿದೆ, ಆರ್.ವಿ. ರಸ್ತೆಯಲ್ಲಿ ಇಳಿದು ಹಸಿರು ಮಾರ್ಗ ಹಿಡಿದರೆ ನಿನಗೂ ಜಯನಗರ, ಬಸವನಗುಡಿ ಪೂರ್ತಿ ಕೈತಪ್ಪಿದ ಹಾಗಾಗುವುದಿಲ್ಲ. ಎಲ್ಲ ಸರಿ. ಆದರೆ ‘ಪ್ಯಾಕರ್ಸ್‌ನವರಿಗೆ ಹೇಳಿದರೆ ಆಯ್ತು ದೊಡ್ಡಮ್ಮ, ಒಂದು ದಿನದ ಕೆಲಸ’ ಅಂದೆ ನೋಡು, ಆ ಮಾತಿಗಾಗಿಯೇ ಇಷ್ಟುದ್ದ ಬರೆಯಲು ಕೂತಿದ್ದೇನೆ.

ಸಾಮಾನು ಸಾಗಿಸುವುದು ಒಂದು ದಿನದ ಕೆಲಸ, ಒಪ್ಪಿದೆ. ಮನೆ ಬದಲಾಯಿಸುವುದು ಎರಡು ತಿಂಗಳ ಕೆಲಸ. ನಮ್ಮ ಬಳಗದಲ್ಲಿ ಎಷ್ಟೋ ಮನೆಗಳು ಏಳುವುದನ್ನೂ ಇಳಿಯುವುದನ್ನೂ ಕಂಡಿದ್ದೇನೆ. ನಾಲ್ಕು ಗಾಜಿನ ಲೋಟ ಒಡೆಯಿತು ಅಂತ ಯಾರೂ ವರ್ಷಗಟ್ಟಲೆ ಹಲುಬುವುದಿಲ್ಲ. ಅಡ್ವಾನ್ಸಿನಲ್ಲಿ ಹಿಡಿದುಕೊಂಡ ದುಡ್ಡು, ಗೇಟಿನಲ್ಲಿ ನಿಂತ ಲಾರಿ, ಅತ್ತೆಯನ್ನು ಕೇಳದೆ ಗುಜರಿಗೆ ಹೋದ ಪೆಟ್ಟಿಗೆ, ಇವುಗಳ ಮಾತು ಮಾತ್ರ ಹಬ್ಬಹುಣ್ಣಿಮೆಗೆಲ್ಲ ಎದ್ದು ಬರುತ್ತದೆ. ಇವೆಲ್ಲ ಮೊದಲೇ ಆಡಬೇಕಾಗಿದ್ದು ಆಡದೆ ಬಿಟ್ಟ ಮಾತುಗಳ ಫಲ. ಹಾಗಾಗಿ ನನ್ನ ಕಿವಿಮಾತು ಇಷ್ಟೇ: ಲಾರಿ ಬಾಗಿಲಿಗೆ ಬರುವ ಹೊತ್ತಿಗೆ ಯಾರ ಹತ್ತಿರ ಏನು ಮಾತು ಮುಗಿಯಬೇಕೋ ಅದು ಮುಗಿದಿರಲಿ, ಮುಗಿದದ್ದು ಬರಹದಲ್ಲಿರಲಿ.

ಮೊದಲ ಮಾತು ಈಗಿನ ಮನೆ ಓನರ್ ಹತ್ತಿರ. ಕರಾರು ಪತ್ರ ತೆಗೆದು ಓದು. ಎಷ್ಟು ತಿಂಗಳು ಮುಂಚೆ ತಿಳಿಸಬೇಕು, ಪೇಂಟಿಂಗ್ ಬಾಬ್ತು ಎಷ್ಟು ಮುರಿದುಕೊಳ್ಳುತ್ತಾರೆ ಅನ್ನುವುದು ಅದರಲ್ಲೇ ಇರುತ್ತದೆ. ಬೆಂಗಳೂರಿನಲ್ಲಿ ಒಂದು ತಿಂಗಳ ಬಾಡಿಗೆಯನ್ನು ಪೇಂಟಿಂಗ್‌ಗೆ ಹಿಡಿಯುವುದು ರೂಢಿ. ಕರಾರಿನಲ್ಲಿ ಬರೆದಿದ್ದರೆ ಅದರ ಮೇಲೆ ವಾದ ಮಾಡಿ ಪ್ರಯೋಜನವಿಲ್ಲ. ಮೇಲಿನ ಅವರ ಮನೆಗೆ ನೀವಿಬ್ಬರೂ ಹೋಗಿ, ಕಾಫಿ ಕುಡಿದು, ಬಾಯಲ್ಲೇ ಹೇಳಿ. ಮನೆಗೆ ಬಂದ ಮೇಲೆ ಅದನ್ನೇ ವಾಟ್ಸ್ಆ್ಯಪ್‌ನಲ್ಲಿ ಕಳಿಸು: ‘ಇಂಥ ತಾರೀಖಿಗೆ ಮನೆ ಖಾಲಿ ಮಾಡುತ್ತೇವೆ ಅಂಕಲ್, ಈ ಹೊತ್ತು ಮಾತಾಡಿದ ಹಾಗೆ.’ ಮೊದಲು ಮೆಸೇಜ್ ಕಳಿಸಿ ಆಮೇಲೆ ಮುಖ ತೋರಿಸಿದರೆ ಹಿರಿಯರು ಮುನಿಸಿಕೊಳ್ಳುತ್ತಾರೆ. ಬರೀ ಬಾಯಲ್ಲಿ ಹೇಳಿದರೆ ತಾರೀಖು ಅವರ ನೆನಪಿನಲ್ಲಿ ಹಿಂದೆ ಮುಂದೆ ಆಗುತ್ತದೆ. ಎರಡೂ ಬೇಕು, ಆ ಕ್ರಮದಲ್ಲೇ ಬೇಕು.

ಅಡ್ವಾನ್ಸ್ ಯಾವತ್ತು ಕೈಗೆ ಬರುತ್ತದೆ ಅಂತ ಅವತ್ತೇ ಕೇಳು. ಸಂಕೋಚ ಬೇಡ. ಎಷ್ಟೋ ಓನರ್‌ಗಳು ಆ ದುಡ್ಡನ್ನು ಮೇಲಿನ ಮಹಡಿ ಕಟ್ಟುವುದಕ್ಕೋ ಮಗಳ ಮದುವೆಗೋ ಹಾಕಿಬಿಟ್ಟಿರುತ್ತಾರೆ. ಹೊಸ ಬಾಡಿಗೆದಾರ ಬಂದು ಕೊಟ್ಟರೆ ಮಾತ್ರ ಹಳಬರಿಗೆ ವಾಪಸು. ಅದು ಮೋಸವಲ್ಲ, ಈ ಊರಿನ ವಹಿವಾಟೇ ಹಾಗಿದೆ. ಆದರೆ ನಿನಗೆ ಅದು ಎರಡು ತಿಂಗಳು ಮುಂಚೆ ಗೊತ್ತಿರಬೇಕು. ಯಾಕೆಂದರೆ ಹಳೆ ಅಡ್ವಾನ್ಸ್ ಕೈಗೆ ಬರುವ ಮೊದಲೇ ಹೊಸ ಅಡ್ವಾನ್ಸ್ ಕೊಡಬೇಕಾಗುತ್ತದೆ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆ ಕೇಳುವ ಹಳೆ ಪದ್ಧತಿ ಇನ್ನೂ ಪೂರ್ತಿ ಹೋಗಿಲ್ಲ. 2021ರಲ್ಲಿ ಕೇಂದ್ರ ಸರ್ಕಾರ ತಂದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಬಾಡಿಗೆ ಮೀರಿ ಠೇವಣಿ ಕೇಳಬಾರದು ಎಂದಿದೆ. ಆದರೆ ಅದು ರಾಜ್ಯಗಳಿಗೆ ಕೊಟ್ಟ ಮಾದರಿ ಅಷ್ಟೆ. ಓನರ್ ಮುಂದೆ ಅದನ್ನು ಹಿಡಿದುಕೊಂಡು ಹಟ ಮಾಡಲಾಗದು, ಚೌಕಾಸಿಗೆ ಒಂದು ಮಾತಾಗಿ ಬಳಸಬಹುದು.

ಒಂದು ಲೆಕ್ಕ ಹಾಕಿ ನೋಡು. ಬಾಡಿಗೆ 30,000 ಅಂತಿಟ್ಟುಕೋ. ಆರು ತಿಂಗಳ ಅಡ್ವಾನ್ಸ್ 1,80,000. ಬ್ರೋಕರ್ ಮೂಲಕ ಹೋದರೆ ಒಂದು ತಿಂಗಳ ಬಾಡಿಗೆ ಅವರಿಗೆ, 30,000. ಮೊದಲ ತಿಂಗಳ ಬಾಡಿಗೆ 30,000. ಅಲ್ಲಿಗೆ 2,40,000 ಆಯಿತು. ಸಾಮಾನು ಇನ್ನೂ ಒಂದಡಿ ಕದಲಿಲ್ಲ. ಇದರ ಮೇಲೆ ಸಾಗಣೆ ಖರ್ಚು, ಅಸೋಸಿಯೇಷನ್‌ನವರ ಶುಲ್ಕ, ಫ್ಯಾನು ಗೀಸರು ಬಿಚ್ಚಿ ಹಾಕುವವರ ಕೂಲಿ, ಕರ್ಟನ್. ಇಷ್ಟು ದುಡ್ಡು ಎಲ್ಲಿಂದ ಬರುತ್ತದೆ, ಹಳೆ ಅಡ್ವಾನ್ಸ್ ಎರಡು ವಾರ ತಡವಾದರೆ ಏನು ಮಾಡುವುದು ಅಂತ ಗಂಡ ಹೆಂಡತಿ ಕೂತು ಮಾತಾಡಿ. ಚಿನ್ನ ಅಡ ಇಡುವ ಯೋಚನೆ ಲಾರಿ ಬಂದ ದಿನ ಬರಬಾರದು.

ಎರಡನೆಯದು ಹೊಸ ಮನೆ ನೋಡುವ ಬಗೆ. ಹಜಾರ ಎಷ್ಟು ದೊಡ್ಡದು, ಬಾಲ್ಕನಿಯಿಂದ ಏನು ಕಾಣುತ್ತದೆ ಅನ್ನುವುದನ್ನು ಓನರ್ರೇ ತೋರಿಸುತ್ತಾರೆ. ನೀನು ನೋಡಬೇಕಾದದ್ದು ನೀರು. ಬೆಳಿಗ್ಗೆ ಎಂಟು ಗಂಟೆಗೆ, ಇಡೀ ಕಟ್ಟಡ ಸ್ನಾನ ಮಾಡುವ ಹೊತ್ತಿಗೆ ಹೋಗು. ಬಚ್ಚಲ ನಲ್ಲಿ ತಿರುಗಿಸು. ನಲ್ಲಿಯ ಬಾಯಿ, ಶವರಿನ ತೂತು, ಕಮೋಡಿನ ಅಂಚು ನೋಡು. ಬಿಳಿ ಪೊರೆ ಕಟ್ಟಿದ್ದರೆ ಬೋರ್‌ವೆಲ್ಲಿನ ಗಡಸು ನೀರು ಅಂತ ತಿಳಿ. ಕೈಗೆ ಸ್ವಲ್ಪ ಸೋಪು ಹಚ್ಚು. ನೊರೆ ಬಾರದೆ ಜಿಗುಟಾಗಿ ನಿಂತರೆ ಅದೇ ನೀರಿನಲ್ಲಿ ಮಗುವಿನ ತಲೆ, ನಿನ್ನ ವಾಷಿಂಗ್ ಮಷೀನು, ಬೇಳೆ ಬೇಯಿಸುವ ಕುಕ್ಕರು ಎಲ್ಲ ಏಗಬೇಕು. ನೀನು ಹುಟ್ಟಿದಾಗಿನಿಂದ ಕಾವೇರಿ ನೀರಿನ ಬಡಾವಣೆಯಲ್ಲೇ ಇದ್ದವಳು, ಇದು ನಿನಗೆ ತಲೆಗೆ ಹೋಗುವುದಿಲ್ಲ. 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳಿಗಾಗಿ ಕಾವೇರಿ ಐದನೇ ಹಂತ 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾಯಿತು, ನಿಜ. ಆದರೆ ಪೈಪು ಬೀದಿಗೆ ಬಂದರೆ ಕಟ್ಟಡಕ್ಕೆ ಸಂಪರ್ಕ ಸಿಕ್ಕಿದೆ ಅಂತ ಅರ್ಥವಲ್ಲ. ‘ಕಾವೇರಿ ಇದೆಯಾ’ ಅಂತ ಬ್ರೋಕರನ್ನು ಕೇಳಬೇಡ. ‘ನೀರಿಗೆ ಪರದಾಡಿದ 2024ರ ಬೇಸಿಗೆಯಲ್ಲಿ ದಿನಕ್ಕೆ ಎಷ್ಟು ಟ್ಯಾಂಕರ್ ತರಿಸಿದಿರಿ, ಅದರ ದುಡ್ಡು ಮೆಯಿಂಟೆನೆನ್ಸ್‌ನಲ್ಲೇ ಬಂತಾ ಬೇರೆ ಕಟ್ಟಿದಿರಾ’ ಅಂತ ಪಕ್ಕದ ಫ್ಲ್ಯಾಟಿನವರನ್ನು ಕೇಳು. ಅವರು ನಿಜ ಹೇಳುತ್ತಾರೆ, ಹೇಳಿಕೊಳ್ಳುವುದಕ್ಕೆ ಯಾರಾದರೂ ಸಿಗಲಿ ಅಂತ ಕಾಯುತ್ತಿರುತ್ತಾರೆ.

ಇನ್ನೊಂದು ಸಲ ಸೋಮವಾರ ಬೆಳಿಗ್ಗೆ ಆಫೀಸಿನ ಹೊತ್ತಿಗೆ ಅಲ್ಲಿಂದಲೇ ಹೊರಟು ನೋಡಿ. ಭಾನುವಾರ ಮಧ್ಯಾಹ್ನ ನೋಡಿದ ಹೊಸೂರು ರಸ್ತೆಯನ್ನು ನಂಬಬೇಡಿ. ಹೋಗುವಾಗ ಟೇಪು ತಗೊಂಡು ಹೋಗು. ಬೀರುವಿನ ಎತ್ತರ, ಮಂಚದ ಅಗಲ, ಫ್ರಿಜ್ಜಿನ ಅಳತೆ ಬರೆದುಕೊಂಡು ಹೋಗಿ ಬಾಗಿಲು, ಲಿಫ್ಟು, ಮೆಟ್ಟಿಲ ತಿರುವು ಅಳೆ. ನಿಮ್ಮ ಮಾವನವರ ಕಾಲದ ತೇಗದ ಮಂಚ ಬಿಚ್ಚಲು ಬಾರದ್ದು. ಅದು ಲಿಫ್ಟಿನೊಳಗೆ ಹೋಗದಿದ್ದರೆ ಆರನೇ ಮಹಡಿಗೆ ಹೆಗಲ ಮೇಲೆ ಹೋಗಬೇಕು, ಅದಕ್ಕೆ ಬೇರೆ ಕೂಲಿ. ವಾಷಿಂಗ್ ಮಷೀನಿಗೆ ನಲ್ಲಿಯೂ ಪ್ಲಗ್ ಪಾಯಿಂಟೂ ಒಂದೇ ಕಡೆ ಇದೆಯೇ, ಅಡುಗೆಮನೆಯಲ್ಲಿ ಮಿಕ್ಸಿ, ಗ್ರೈಂಡರ್, ಓವನ್ನಿಗೆ ಎಷ್ಟು ಪಾಯಿಂಟ್ ಇದೆ ನೋಡು. ಪೈಪಿನಲ್ಲಿ ಬರುವ ನೈಸರ್ಗಿಕ ಅನಿಲ ಇದ್ದರೆ ನಿನ್ನ ಒಲೆಯ ಜೆಟ್ ಬದಲಾಯಿಸಬೇಕಾಗುತ್ತದೆ. ಅದನ್ನು ಮಾಡುವವರನ್ನು ಮುಂಚೆಯೇ ಗೊತ್ತು ಮಾಡು, ಇಲ್ಲವಾದರೆ ಹಾಲುಕ್ಕಿಸಲಿಕ್ಕೂ ಒಲೆ ಉರಿಯದು.

ಕರಾರು ಪತ್ರ ಮಾಮೂಲಿನಂತೆ ಹನ್ನೊಂದು ತಿಂಗಳದ್ದೇ ಇರುತ್ತದೆ. ಒಂದು ವರ್ಷ ಮೀರಿದ ಕರಾರನ್ನು 1908ರ ನೋಂದಣಿ ಕಾಯ್ದೆಯಂತೆ ರಿಜಿಸ್ಟರ್ ಮಾಡಿಸಬೇಕಾಗುವುದರಿಂದ ಎಲ್ಲರೂ ಹನ್ನೊಂದಕ್ಕೆ ನಿಲ್ಲಿಸುತ್ತಾರೆ. ಅದರಲ್ಲಿ ಗಂಡ ಹೆಂಡತಿ ಇಬ್ಬರ ಹೆಸರೂ ಇರಲಿ. ನಾಳೆ ವಿಳಾಸಕ್ಕೆ ದಾಖಲೆ ಕೊಡಿ ಅಂದಾಗ ನಿನ್ನ ಹೆಸರಿಗೂ ಒಂದು ಕಾಗದ ಬೇಕು. ಬಾಡಿಗೆ ವರ್ಷಕ್ಕೆ ಶೇಕಡಾ ಎಷ್ಟು ಏರುತ್ತದೆ, ಮೆಯಿಂಟೆನೆನ್ಸ್ ಯಾರದು, ಬಿಡುವಾಗ ಪೇಂಟಿಂಗ್‌ಗೆ ಎಷ್ಟು, ಈಗಲೇ ಗೋಡೆಯ ಮೇಲಿರುವ ತೇವದ ಕಲೆ ಯಾರ ಲೆಕ್ಕಕ್ಕೆ, ಎಲ್ಲ ಬರೆಸು. ಕೀ ತಗೊಂಡ ದಿನ ಪ್ರತಿ ಕೋಣೆಯ ಫೋಟೊ ತೆಗೆದು ಓನರ್‌ಗೂ ಕಳಿಸಿಬಿಡು.

ತಾರೀಖಿನ ವಿಷಯ. ನಿಮ್ಮತ್ತೆಯವರು ಪಂಚಾಂಗ ನೋಡುತ್ತಾರೆ, ನೋಡಲಿ. ಆಷಾಢದಲ್ಲಿ ಮನೆ ಬದಲಾಯಿಸುವುದು ಬೇಡ ಅನ್ನುತ್ತಾರೆ, ಅದನ್ನು ಎದುರಿಸಬೇಡ, ಉಪಯೋಗಿಸಿಕೋ. ಆಷಾಢದಲ್ಲಿ ಮನೆ ಕೇಳುವವರು ಕಮ್ಮಿ, ಓನರ್‌ಗಳು ಬಾಡಿಗೆಯಲ್ಲಿ ಮೆತ್ತಗಾಗುತ್ತಾರೆ, ಲಾರಿಯೂ ಸುಲಭಕ್ಕೆ ಸಿಗುತ್ತದೆ. ಆಷಾಢ ಹುಟ್ಟುವ ಮೊದಲೇ ಒಳ್ಳೆ ದಿನ ನೋಡಿ ಹಾಲುಕ್ಕಿಸಿ ದೀಪ ಹಚ್ಚಿ ಬಂದುಬಿಟ್ಟರೆ ಸಾಮಾನು ಯಾವಾಗ ಸಾಗಿಸಿದರೂ ಹಿರಿಯರು ಒಪ್ಪುತ್ತಾರೆ. ಆದರೆ ಮಗುವಿನ ಶಾಲೆ ಬದಲಾಗುವುದಾದರೆ ಏಪ್ರಿಲ್, ಮೇ ಬಿಟ್ಟು ಬೇರೆ ದಾರಿಯಿಲ್ಲ. ಟಿ.ಸಿ.ಗೆ ಮುಂಚೆಯೇ ಅರ್ಜಿ ಕೊಡು, ಸ್ಯಾಟ್ಸ್ ಸಂಖ್ಯೆ ಬರೆದಿಟ್ಟುಕೋ. ಹೊಸ ಶಾಲೆಯವರು ಮೊದಲು ಅದನ್ನೇ ಕೇಳುತ್ತಾರೆ. ಸಾಧ್ಯವಾದರೆ ತಿಂಗಳ ಕೊನೆ ಮತ್ತು ಶನಿವಾರ, ಭಾನುವಾರ ತಪ್ಪಿಸಿ ನಡುವಾರದ ಒಂದು ದಿನ ಹಿಡಿ.

ಈಗ ಆ ಪ್ಯಾಕರ್ಸ್‌ನವರ ವಿಷಯಕ್ಕೆ ಬರೋಣ. ಫೋನಿನಲ್ಲಿ ‘ಎರಡು ಬೆಡ್‌ರೂಮ್ ಮನೆ, ಎಷ್ಟಾಗುತ್ತೆ’ ಅಂದರೆ ಅವರು ಹೇಳುವ ಮೊತ್ತಕ್ಕೆ ಬೆಲೆಯಿಲ್ಲ. ಮನೆಗೆ ಬಂದು ನೋಡಿ, ಅಥವಾ ವಿಡಿಯೊ ಕಾಲಿನಲ್ಲಿ ಅಟ್ಟದ ಮೇಲಿನದೂ ಸೇರಿ ಎಲ್ಲ ನೋಡಿ, ಪಟ್ಟಿ ಸಮೇತ ಬರೆದು ಕೊಡಲಿ. ಹನುಮಂತನಗರದ ನಿಮ್ಮ ಅಡ್ಡರಸ್ತೆಗೆ ದೊಡ್ಡ ಲಾರಿ ನುಗ್ಗುವುದಿಲ್ಲ. ಟಾಟಾ ಏಸ್‌ನಲ್ಲಿ ಎರಡು ಸಲ ಹೊಡೆಯುತ್ತಾರೋ, ದೊಡ್ಡ ರಸ್ತೆಯಲ್ಲಿ 407 ನಿಲ್ಲಿಸಿ ಹೊರುತ್ತಾರೋ, ಹೊರುವ ಕೂಲಿ ಲೆಕ್ಕದಲ್ಲಿ ಸೇರಿದೆಯೋ ಕೇಳು. ಹೆಸರಾಂತ ಕಂಪನಿಗಳ ಹೆಸರನ್ನೇ ಅಕ್ಷರ ಅತ್ತಿತ್ತ ಮಾಡಿ ಇಟ್ಟುಕೊಂಡವರು ಊರ ತುಂಬ ಇದ್ದಾರೆ. ಸಾಮಾನೆಲ್ಲ ಲಾರಿಗೆ ಏರಿಸಿದ ಮೇಲೆ ‘ಇನ್ನೂ ಇಷ್ಟು ಕೊಟ್ಟರೆ ಇಳಿಸುತ್ತೇವೆ’ ಅನ್ನುವವರೂ ಇದ್ದಾರೆ. ಪೂರ್ತಿ ದುಡ್ಡು ಮುಂಗಡ ಕೊಡಬೇಡ; ಬಹುಪಾಲು ಸಾಮಾನು ಇಳಿದ ಮೇಲೆ ಅಂತ ಮೊದಲೇ ಮಾತಾಗಲಿ. ನಗರದೊಳಗೆ ಲಾರಿಗಳಿಗೆ ಬೆಳಿಗ್ಗೆ ಸಂಜೆ ಜನಸಂದಣಿಯ ಹೊತ್ತಿನಲ್ಲಿ ನಿರ್ಬಂಧ ಇರುತ್ತದೆ. ಯಾವ ಹೊತ್ತಿಗೆ ಹೊರಡುವುದು ಅಂತ ಚಾಲಕರನ್ನೇ ಕೇಳಿ ತೀರ್ಮಾನಿಸು.

ಹೊಸ ಅಪಾರ್ಟ್‌ಮೆಂಟಿನ ಅಸೋಸಿಯೇಷನ್ ಆಫೀಸಿಗೂ ಒಂದು ವಾರ ಮುಂಚೆ ಹೋಗಿ ಬಾ. ಸಾಮಾನು ಏರಿಸುವುದಕ್ಕೆ ಬಹಳ ಕಡೆ ಹೊತ್ತು ಗೊತ್ತು ಮಾಡಿರುತ್ತಾರೆ, ಸರ್ವಿಸ್ ಲಿಫ್ಟ್ ಮುಂಚೆಯೇ ಕಾದಿರಿಸಬೇಕು, ಓನರ್ ಕೊಟ್ಟ ಒಪ್ಪಿಗೆ ಪತ್ರ ಗೇಟಿನಲ್ಲಿ ತೋರಿಸಬೇಕು. ನಮ್ಮ ಪಕ್ಕದ ಮನೆಯವರ ಮಗನ ಸಂಸಾರ ಹೀಗೆ ಒಂದು ಕಡೆಗೆ ಹೋದಾಗ ಲಾರಿ ಸಂಜೆ ಆರರ ಮೇಲೆ ಮುಟ್ಟಿತು. ಸೆಕ್ಯುರಿಟಿಯವರು ಬಿಡಲಿಲ್ಲ. ಓನರ್ ಅಮೆರಿಕದಲ್ಲಿ, ಅಲ್ಲಿ ಆಗಿನ್ನೂ ಬೆಳಗಾಗಿರಲಿಲ್ಲ. ಕೈಮಗು, ಬಿ.ಪಿ. ಮಾತ್ರೆಯ ಹೊತ್ತಾದ ಅಜ್ಜಿ, ಮಾತ್ರೆಯ ಡಬ್ಬಿ ಲಾರಿಯ ಒಳಗೆ ಎಲ್ಲೋ. ಸೆಕ್ಯುರಿಟಿಯವರ ಮೇಲೆ ಕೂಗಾಡಿದರೆ ಏನು ಬಂತು, ಅವರಿಗೆ ಹೇಳಿದಷ್ಟು ಅವರು ಮಾಡುತ್ತಾರೆ. ಹಿಂದಿನ ವಾರ ಒಂದು ಸಲ ಹೋಗಿ ಕೇಳಿದ್ದರೆ ಅರ್ಧ ಗಂಟೆಯ ಕೆಲಸ.

ಆ ಮಾತ್ರೆ ಡಬ್ಬಿಯಿಂದಲೇ ಕಟ್ಟುವ ಕೆಲಸಕ್ಕೆ ಬರುತ್ತೇನೆ. ಲಾರಿಗೆ ಹೋಗಬಾರದ ಒಂದು ಚೀಲ ಮೊದಲು ಕಟ್ಟು: ಔಷಧಿ, ಒಡವೆ, ಕರಾರು ಪತ್ರ, ಮಗುವಿನ ಟಿ.ಸಿ., ಪಾಸ್‌ಬುಕ್ಕು, ಚಾರ್ಜರು, ಎರಡೂ ಮನೆಯ ಕೀ. ಅದು ನಿನ್ನ ಹೆಗಲಲ್ಲೇ ಇರಲಿ. ಎರಡನೆಯದು ಮೊದಲ ರಾತ್ರಿಯ ಡಬ್ಬ. ಕೊನೆಗೆ ಏರಿಸಿ ಮೊದಲು ಇಳಿಸುವಂಥದು. ಕಾಫಿ ಫಿಲ್ಟರು, ಪುಡಿ, ಹಾಲಿನ ಪಾತ್ರೆ, ಬೆಂಕಿಪೊಟ್ಟಣ, ದೀಪ, ಎಣ್ಣೆ ಬತ್ತಿ, ಬಕೆಟ್ಟು ಚೊಂಬು, ಸೋಪು, ಎರಡು ಹೊದಿಕೆ, ಒಂದು ಬಲ್ಬು, ಸ್ಕ್ರೂಡ್ರೈವರು, ಪೊರಕೆ.

ಅಡುಗೆಮನೆಯನ್ನು ಪ್ಯಾಕರ್ಸ್‌ನವರಿಗೆ ಪೂರ್ತಿ ಒಪ್ಪಿಸಬೇಡ. ಅವರು ಕುಕ್ಕರನ್ನು ಒಂದು ಕಡೆ, ವೆಯ್ಟನ್ನು ಇನ್ನೊಂದು ಕಡೆ ಹಾಕುತ್ತಾರೆ; ಮೂರು ದಿನ ಅನ್ನಕ್ಕೆ ತಪ್ಪಲೆ ಇಡಬೇಕಾಗುತ್ತದೆ. ಕುಕ್ಕರಿನ ವೆಯ್ಟು, ಗ್ಯಾಸ್ಕೆಟ್ಟು, ಮಿಕ್ಸಿ ಜಾರಿನ ಮುಚ್ಚಳ, ಇಡ್ಲಿ ತಟ್ಟೆಯ ಕಂಬಿ, ಇಂಥ ಚಿಕ್ಕವನ್ನೆಲ್ಲ ಒಂದು ಬಟ್ಟೆ ಚೀಲಕ್ಕೆ ಹಾಕಿ ಕುಕ್ಕರಿನ ಹೊಟ್ಟೆಯಲ್ಲೇ ಇಡು. ಉಪ್ಪಿನಕಾಯಿ ಭರಣಿಯ ಬಾಯಿಗೆ ಪ್ಲಾಸ್ಟಿಕ್ ಹಾಳೆ ಹಾಸಿ, ಮೇಲೆ ಬಟ್ಟೆ ಕಟ್ಟಿ, ಕಾರಿನಲ್ಲಿ ಕಾಲ ಹತ್ತಿರ ಇಟ್ಟುಕೊಂಡು ಹೋಗು. ಎರಡು ವಾರ ಮುಂಚಿನಿಂದ ದಿನಸಿ ತರುವುದನ್ನು ನಿಲ್ಲಿಸಿ ಇರುವುದನ್ನು ಖರ್ಚು ಮಾಡು. ಪುಸ್ತಕ ಸಣ್ಣ ಡಬ್ಬಗಳಿಗೆ, ರಜಾಯಿ ದಿಂಬು ದೊಡ್ಡ ಡಬ್ಬಗಳಿಗೆ. ಬಿಚ್ಚಲು ಬರುವ ಮಂಚಗಳ ಸ್ಕ್ರೂಗಳನ್ನು ಕವರಿಗೆ ಹಾಕಿ ಅದೇ ಮಂಚದ ಹಲಗೆಗೆ ಟೇಪಿನಿಂದ ಅಂಟಿಸು. ಡಬ್ಬದ ಮೇಲೆ ನಂಬರು ಮತ್ತು ಹೊಸ ಮನೆಯಲ್ಲಿ ಯಾವ ಕೋಣೆ ಅಂತ ಬರೆ. ಒಳಗೇನಿದೆ ಅನ್ನುವುದು ನಿನ್ನ ಫೋನಿನಲ್ಲಿರಲಿ. ಫ್ರಿಜ್ಜನ್ನು ಹಿಂದಿನ ದಿನವೇ ಆರಿಸಿ ಒರೆಸು, ನಿಲ್ಲಿಸಿಯೇ ಸಾಗಿಸಲಿ, ಅಲ್ಲಿ ಇಳಿಸಿ ಕೆಲವು ಗಂಟೆ ಬಿಟ್ಟು ಚಾಲೂ ಮಾಡು.

ಬೇಡದ್ದನ್ನು ವಿಂಗಡಿಸುವುದು ಕೈಕೆಲಸಕ್ಕಿಂತ ಮಾತಿನ ಕೆಲಸ. ನಿನ್ನದನ್ನು ನೀನು ಎಸೆ. ಅಳಿಯಂದಿರದನ್ನು ಅವರು ನೋಡಿಕೊಳ್ಳಲಿ. ಅತ್ತೆಯವರ ಮರದ ಪೆಟ್ಟಿಗೆ, ತೂತು ಬಿದ್ದ ಹಂಡೆ ನಿನಗೆ ಅಡ್ಡವಾಗಿ ಕಾಣಬಹುದು. ಅವರನ್ನೇ ಕೂರಿಸಿ, ‘ಅಲ್ಲಿ ಇಷ್ಟೇ ಜಾಗ ಇದೆ ಅತ್ತೆ, ಇದರಲ್ಲಿ ಯಾವುದು ನಿಮ್ಮ ಜೊತೆಗಿರಲಿ, ನೀವೇ ಹೇಳಿ’ ಅಂತ ಕೇಳು. ಕೇಳಿದರೆ ಅರ್ಧದಷ್ಟು ಅವರೇ ಬಿಟ್ಟುಕೊಡುತ್ತಾರೆ. ಕೇಳದೆ ಕೊಟ್ಟರೆ ಆ ಹಂಡೆ ಸಾಯುವ ತನಕ ಬೆನ್ನು ಬಿಡದು. ಹಳೆ ಟಿ.ವಿ., ವಯರು, ಬ್ಯಾಟರಿಗಳನ್ನು ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೇ ಕೊಡು. ಹಾಸಿಗೆ ದಿಂಬನ್ನು ರಾತ್ರಿ ಹೊತ್ತು ಬೀದಿ ಮೂಲೆಯಲ್ಲಿ ಬಿಟ್ಟು ಹೋಗಬೇಡ. ಇಷ್ಟು ವರ್ಷ ಇದ್ದ ಬೀದಿ ಅದು.

ಕಾಗದಪತ್ರದ ಮಾತು ಚುಟುಕಾಗಿ ಹೇಳುತ್ತೇನೆ. ಊರೊಳಗೇ ಗ್ಯಾಸ್ ಏಜೆನ್ಸಿ ಬದಲಾದರೆ ವರ್ಗಾವಣೆ ಪತ್ರ ಸಾಕು, ಸಿಲಿಂಡರ್ ಒಪ್ಪಿಸಬೇಕಾಗಿಲ್ಲ. ಬಿಡುವ ದಿನ, ಸೇರುವ ದಿನ ಎರಡೂ ಮನೆಯ ಬೆಸ್ಕಾಂ ಮೀಟರಿನ ಫೋಟೊ ತೆಗೆ. ಗೃಹಜ್ಯೋತಿಗೆ ನಿನ್ನ ಆಧಾರ್ ಹಳೆ ಮನೆಯ ಆರ್.ಆರ್. ಸಂಖ್ಯೆಗೆ ಜೋಡಣೆಯಾಗಿದೆ, ಸೇವಾಸಿಂಧುವಿನಲ್ಲಿ ಅದನ್ನು ಬಿಡಿಸಿ ಹೊಸ ಸಂಖ್ಯೆಗೆ ಜೋಡಿಸು. ಬಿಡಿಸದಿದ್ದರೆ ನಿನಗೂ ಸಿಗದು, ಅಲ್ಲಿಗೆ ಬರುವವರಿಗೂ ತೊಡಕು. ಮತದಾರರ ಪಟ್ಟಿಗೆ ನಮೂನೆ 8, ಆಮೇಲೆ ಆಧಾರ್, ಬ್ಯಾಂಕು, ಗಾಡಿಯ ಇನ್ಶೂರೆನ್ಸ್.

ಕೊನೆಗೆ ಯಾರಿಗೂ ನೆನಪಾಗದ ಒಂದು ಮಾತು. ನಿಮ್ಮ ಮನೆ ಕೆಲಸದ ಆಕೆಗೆ ಓನರ್‌ಗೆ ತಿಳಿಸಿದ ದಿನವೇ ತಿಳಿಸು. ನೀನು ಹೋದರೆ ಆಕೆಗೆ ಒಂದು ಮನೆಯ ಸಂಬಳ ಹೋಗುತ್ತದೆ. ಬೇರೆ ಮನೆ ಹುಡುಕಿಕೊಳ್ಳಲು ಹೊತ್ತು ಬೇಡವೇ? ನೀನೇ ಬೀದಿಯಲ್ಲಿ ನಾಲ್ಕು ಜನರಿಗೆ ಹೇಳಿ ಕೆಲಸ ಗೊತ್ತು ಮಾಡಿಕೊಡು. ಹಾಲು, ಪೇಪರು, ಇಸ್ತ್ರಿ, ದಿನಸಿ ಅಂಗಡಿಯ ಬಾಕಿ ತೀರಿಸು. ಸಾಮಾನು ಹೊರಲು ಬಂದ ಹುಡುಗರನ್ನು ‘ಬನ್ನಿ, ಹೋಗಿ’ ಅಂತಲೇ ಮಾತಾಡಿಸು, ಮಧ್ಯಾಹ್ನ ಅವರಿಗೂ ಊಟ ತರಿಸು. ನಿನ್ನ ಸಂಸಾರ ಪೂರ್ತಿ ಆ ಹೊತ್ತು ಅವರ ಬೆನ್ನ ಮೇಲಿರುತ್ತದೆ.

ಹಾಲುಕ್ಕಿಸುವ ದಿನ ಗೊತ್ತಾದ ಕೂಡಲೇ ತಿಳಿಸು. ಅವತ್ತಿನ ಅಡುಗೆ ನನ್ನದು, ಬಿಸಿಬೇಳೆಬಾತ್ ಮಾಡಿ ತರುತ್ತೇನೆ. ಆದರೆ ಹೊರಡುವ ಮೊದಲು ಫೋನ್ ಮಾಡಿ ಎರಡೇ ಪ್ರಶ್ನೆ ಕೇಳುತ್ತೇನೆ: ಅಡ್ವಾನ್ಸ್ ತಾರೀಖು ಬರಹದಲ್ಲಿ ಬಂತಾ, ಲಿಫ್ಟ್ ಕಾದಿರಿಸಿದೆಯಾ? ಎರಡಕ್ಕೂ ಹೂಂ ಅನ್ನುವ ಹಾಗಿರು.

ಇಂತಿ,
ನಿನ್ನ ದೊಡ್ಡಮ್ಮ